ಆರು ವಾರದ ಬೆಲ್ಟು

ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಮೆಟ್ಟಿಲಿನ ಮೇಲೇ ಜಗಳ ಶುರುವಾಯಿತು. ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ದೊಡ್ಡವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದನ್ನು ಹೊಟ್ಟೆಗೆ ಒತ್ತಿಕೊಂಡು, ಮೊದಲನೇ ತಿರುವಿನಲ್ಲೇ ನಿಂತುಬಿಟ್ಟಳು.

"ಎತ್ಕೊಂಡು ಹೋಗ್ಲಾ ಅಕ್ಕಾ?" ಅಂದ ತಮ್ಮ. ಟೈರ್ ಅಂಗಡಿಯಲ್ಲಿ ಲಾರಿಯ ಚಕ್ರ ಬಿಚ್ಚುವ ಕೈ ಅವನದು.

"ಮುಟ್ಟಿದ್ರೆ ಒದೀತೀನಿ."

"ಒದಿಯೋಕೆ ಮೊದ್ಲು ಕಾಲೆತ್ತು, ನೋಡೋಣ."

"ಇಬ್ರೂ ಬಾಯಿ ಮುಚ್ಚಿ," ಅಂದಳು ಅಮ್ಮ ಹಿಂದಿನಿಂದ. ಎರಡನೇ ಮಹಡಿ ತಲುಪುವಷ್ಟರಲ್ಲಿ ಅಲ್ಲಿನ ಹೆಂಗಸು ಬಾಗಿಲು ತೆಗೆದು ನಿಂತಿದ್ದಳು. ಅವಳು ಏನಾಯಿತು ಅಂತ ಕೇಳುವ ಮೊದಲೇ ಅಮ್ಮ ನಗುತ್ತ ಹೇಳಿದಳು: "ಹರ್ನಿಯಾ ಕಣಮ್ಮ. ಚಿಕ್ಕ ಆಪರೇಷನ್ನು."

ಅಷ್ಟರಲ್ಲಿ ಮೇಲಿನಿಂದ ಅಜ್ಜಿಯ ದನಿ ಕಟ್ಟಡಕ್ಕೆಲ್ಲ ಕೇಳುವಂತೆ ಇಳಿದು ಬಂತು. "ಬಂದ್ಲೇನ್ರೋ? ಕೊಬ್ಬು ತೆಗೆಸ್ಕೊಂಡು ಬಂದ್ಲಾ?"

ಎರಡನೇ ಮಹಡಿಯ ಹೆಂಗಸು ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಮರ್ಯಾದಸ್ಥೆ, ಒಳಗೆ ಹೋಗಿ ನಕ್ಕಳು.

ದೊಡ್ಡವಳಿಗೆ ಮೂವತ್ತಾರು. ಒಂದು ಹೋಟೆಲಿನ ಮುಂಬಾಗಿಲ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತು ಬಂದವರನ್ನು ಬನ್ನಿ ಅಂದವಳು. ಎರಡನೇ ಸಲ ಬಂದ ಗಿರಾಕಿಗೆ ಯಾವ ದಿಂಬು ಬೇಕು, ಯಾರಿಗೆ ರಸ್ತೆ ಕಡೆಯ ಕೋಣೆ ಆಗದು, ಎಲ್ಲ ಅವಳಿಗೆ ಗೊತ್ತಿತ್ತು. ಹಬೆಯಾಡುವ ಲಾಂಡ್ರಿಯ ಹಿಂದೆ ಕಿಟಕಿಯಿಲ್ಲದ ಫೋನ್ ರೂಮೊಂದಿತ್ತು. ಹೊಸ ಮ್ಯಾನೇಜರ್ ಬಂದು ತಿಂಗಳು ತುಂಬುವ ಮೊದಲೇ ಅವಳನ್ನು ಅಲ್ಲಿಗೆ ಹಾಕಿದ. "ಮುಂದೆ ನಿಲ್ಲೋರು ಅಂದ್ರೆ ಹೋಟೆಲಿನ ಮುಖ ಇದ್ದ ಹಾಗೆ ಮೇಡಂ," ಅಂದನಂತೆ. ಮುಖ ಅಂದವನು ನೋಡಿದ್ದು ಸೊಂಟವನ್ನು. ಕೊಯ್ಸಿಕೋ ಅಂತ ಅವನೇನೂ ಹೇಳಲಿಲ್ಲ. ಅಂಥವರು ಹೇಳುವುದಿಲ್ಲ. ಕೌಂಟರಿನವರಿಗೆ ಹೊಸ ಕೋಟುಗಳನ್ನು ತರಿಸಿ, ಅವಳ ಅಳತೆಯದು ಮಾತ್ರ ಬಂದಿಲ್ಲ ಅಂತ ನಗುತ್ತಾರೆ. ಅವಳೇ ಹೋಗಿ ರಜೆ ಕೇಳಿದಳು. ಆರು ವಾರದ ರಜೆ ಸಿಕ್ಕಿತು. ವಾಪಸ್ ಬಂದಾಗ ಹೊಸ ಕೋಟು ಹಿಡಿಸಿದರೆ ಕೌಂಟರು ಅವಳದು. ಹಿಡಿಸದಿದ್ದರೆ, ಅಷ್ಟು ದಿನ ಅಲ್ಲಿ ನಿಂತ ಹೊಸ ಹುಡುಗಿಯದು.

ಮನೆಯಲ್ಲಿ ಯಾರ ಮಾತೂ ನಡೆಯಲಿಲ್ಲ. ನನ್ನ ದುಡ್ಡು, ನನ್ನ ಮೈ ಅಂದಳು. ಹೋಗಿ ಹೊಟ್ಟೆ, ಸೊಂಟ, ಬೆನ್ನಿನ ಕೊಬ್ಬನ್ನು ಕೊಳವೆ ಹಾಕಿ ಎಳೆಸಿಕೊಂಡು ಬಂದಳು.

ಮೊದಲ ವಾರ ಮನೆ ಧೋಬಿ ಘಾಟ್ ಆಯಿತು. ಕೊಳವೆ ಹಾಕಿದ ತೂತುಗಳಿಂದ ಗುಲಾಬಿ ಬಣ್ಣದ ನೀರು ಸೋರುತ್ತಿತ್ತು. ಸೋರಬೇಕು, ಸೋರಿದರೆ ಒಳ್ಳೆಯದು ಅಂತ ನರ್ಸ್ ಹೇಳಿ ಕಳಿಸಿದ್ದಳು. ಒಳ್ಳೆಯದನ್ನೆಲ್ಲ ಒಗೆಯುವವಳು ಅಮ್ಮ. ತಮ್ಮ ತನ್ನ ಮಂಚ ಬಿಟ್ಟುಕೊಟ್ಟು ಹಾಲಿನಲ್ಲಿ, ಅಮ್ಮನ ಹೊಲಿಗೆ ಮಿಷನ್ನಿನ ಕೆಳಗೆ ಕಾಲು ಚಾಚಿ ಮಲಗಿದ. ಅಮ್ಮ ಹೊಸ ಬಟ್ಟೆ ಹೊಲಿಯುವವಳಲ್ಲ. ಇದ್ದ ಬಟ್ಟೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು, ಜಿಪ್ಪು ಬದಲಿಸುವುದು. ಬೀದಿಯವರೆಲ್ಲ ದಪ್ಪಗಾದ ಮೇಲೆ ಬರುವುದು ಅವಳ ಹತ್ತಿರಕ್ಕೇ.

ಅಪ್ಪನದು ಬೇಕರಿಯ ಒಲೆ ಕೆಲಸ. ರಾತ್ರಿ ಪಾಳಿ ಮುಗಿಸಿ ಬರುವಾಗ ಆಕಾರಗೆಟ್ಟ ಬ್ರೆಡ್ಡುಗಳನ್ನು ಚೀಲದಲ್ಲಿ ತರುತ್ತಿದ್ದ. ಆ ಮನೆ ಬೆಳೆದದ್ದೇ ಸೊಟ್ಟ ಬ್ರೆಡ್ಡಿನ ಮೇಲೆ. ಈಗ ಚೀಲ ಒಳಗೆ ಬಂದ ಕೂಡಲೇ ತಮ್ಮ ಅದನ್ನು ಬೀರುವಿನ ಮೇಲಕ್ಕೆ ಎಸೆಯುತ್ತಿದ್ದ.

"ಬ್ರೆಡ್ಡೇನು ಬಾಂಬಾ?" ಅಂದ ಅಪ್ಪ.

"ಅಕ್ಕನಿಗೆ ವಾಸನೆ ಬರಬಾರ್ದು."

"ನನ್ ಮೈಗೇ ಅದೇ ವಾಸ್ನೆ ಕಣೋ. ನಾನೂ ಬೀರು ಹತ್ತಿ ಕೂತ್ಕೊಳ್ಲಾ?"

ಒಳಗಿನಿಂದ ದೊಡ್ಡವಳು ಕೂಗಿದಳು. "ನಂಗೆ ಮೂಗಿದೆ, ಬುದ್ಧೀನೂ ಇದೆ. ತಿನ್ನೋರು ತಿನ್ರಿ."

"ಬುದ್ಧಿ ಇದ್ದಿದ್ರೆ," ಅಂದಳು ಅಜ್ಜಿ ಎದುರು ಹಾಸಿಗೆಯಿಂದ, "ತೂತು ಬಿದ್ದ ಕ್ಯಾನಿನ ಥರ ಯಾಕೆ ಸೋರ್ತಿದ್ದೆ?"

ಅಜ್ಜಿ ಮತ್ತು ಮೊಮ್ಮಗಳು ಒಂದೇ ಕೋಣೆಯಲ್ಲಿ ಎದುರುಬದುರು ಮಲಗಿದ್ದರು. ಇಬ್ಬರಿಗೂ ಎದ್ದು ಬಚ್ಚಲಿಗೆ ಹೋಗಲು ಇನ್ನೊಬ್ಬರ ಕೈ ಬೇಕು. ಅಜ್ಜಿಗೆ ಇದು ಹಬ್ಬವಾಗಿತ್ತು. "ನಾನು ಎಂಬತ್ತು ವರ್ಷ ಕಷ್ಟಪಟ್ಟು ಈ ಸ್ಥಿತಿಗೆ ಬಂದೆ. ನೀನು ಒಂದೇ ಬೆಳಗ್ಗೆಗೆ ಬಂದ್ಬಿಟ್ಟೆ."

ದೊಡ್ಡವಳಿಗೆ ನಗು ಬಂತು, ನಕ್ಕರೆ ಜೀವ ಹೋಗುವಷ್ಟು ನೋವು. "ಅಜ್ಜೀ, ನಗಿಸ್ಬೇಡ, ನಿನ್ ಕಾಲಿಗೆ ಬೀಳ್ತೀನಿ."

"ಬಗ್ಗೋಕಾದ್ರೆ ಬೀಳು."

ಎಲ್ಲಕ್ಕಿಂತ ದೊಡ್ಡ ಕಾಟ ಬೆಲ್ಟಿನದು. ಬೆಲ್ಟು ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿಯಲ್ಲ. ಎದೆಯ ಕೆಳಗಿನಿಂದ ತೊಡೆಯವರೆಗೆ ಚರ್ಮದ ಮೇಲೆ ಇನ್ನೊಂದು ಚರ್ಮದ ಹಾಗೆ ಕೂರುವ ಎಲಾಸ್ಟಿಕ್ ಉಡುಪು, ಪಕ್ಕದಲ್ಲಿ ಸಾಲು ಕೊಕ್ಕೆ. ಆರು ವಾರ ಹಗಲೂ ರಾತ್ರಿ ಹಾಕಿರಬೇಕು. ಒಗೆದು ಒಣಗಿಸುವಷ್ಟು ಹೊತ್ತು ಮಾತ್ರ ಬಿಡುವು. ಆಗ ದೊಡ್ಡವಳು ಹೊದಿಕೆಯೊಳಗೆ ಬರಿಮೈಯಲ್ಲಿ ಮಲಗಿ, ಅದು ಎಂದಿಗೂ ಒಣಗದಿರಲಿ ಅಂತ ಬೇಡಿಕೊಳ್ಳುತ್ತಿದ್ದಳು. ತಿರುಗಿ ಹಾಕಲು ಅಮ್ಮನೂ ತಮ್ಮನೂ ಇಬ್ಬರೂ ಬೇಕು. ತಮ್ಮ ಕಣ್ಣು ಮುಚ್ಚಿಕೊಂಡು, ಹೊದಿಕೆಯ ಮೇಲಿನಿಂದ ಎಳೆದು ಹಿಡಿಯುತ್ತಿದ್ದ. ಅಮ್ಮ ಕೊಕ್ಕೆ ಹಾಕುತ್ತಿದ್ದಳು.

"ಲಾರಿ ಟೈರು ಇದಕ್ಕಿಂತ ಸಲೀಸಾಗಿ ಕೂರುತ್ತೆ," ಅನ್ನುತ್ತಿದ್ದ ಅವನು.

ದೊಡ್ಡವಳು ಹಲ್ಲು ಕಚ್ಚಿ, ತಲೆದಿಂಬಿನ ಮೂಲೆಯನ್ನು ಬಾಯಿಗೆ ತುರುಕಿಕೊಂಡು, ಸದ್ದಿಲ್ಲದೆ ಅಳುತ್ತಿದ್ದಳು. ಬಿಚ್ಚಿದಾಗ ಅಮ್ಮ ನೋಡುತ್ತಿದ್ದಳು: ನೇರಳೆ, ಹಸಿರು, ಹಳದಿ ಬಣ್ಣಕ್ಕೆ ತಿರುಗಿದ ಮೈ, ಅದರ ಮೇಲೆ ಹೊಲಿಗೆ ಸಾಲು ಅಚ್ಚೊತ್ತಿದ ಕೆಂಪು ಗೆರೆ, ಚಾಟಿಯಲ್ಲಿ ಬಾರಿಸಿದ ಹಾಗೆ.

ಮೂರನೇ ವಾರದ ಒಂದು ಮಧ್ಯಾಹ್ನ ಬೆಲ್ಟು ಬಾಲ್ಕನಿಯಲ್ಲಿ ಒಣಗಿತ್ತು. ಮಗಳು ನಿದ್ದೆ ಹೋಗಿದ್ದಳು, ಅಪ್ಪ ಗೊರಕೆ ಹೊಡೆಯುತ್ತಿದ್ದ. ಅಮ್ಮ ಅದನ್ನು ಒಳಗೆ ತಂದು ಮಿಷನ್ನಿನ ಮುಂದೆ ಕೂತಳು, ಒಳಮಗ್ಗುಲು ತಿರುಗಿಸಿದಳು. ಹೊಲಿಗೆಯ ಆಚೆ ಒಂದು ಬೆರಳಿನಷ್ಟು ಅಂಚು ಉಳಿದಿತ್ತು. ಅಂಚು ಕಂಡರೆ ಸುಮ್ಮನಿರುವ ಕೈಯಲ್ಲ ಅದು. ಬ್ಲೇಡಿನಿಂದ ಎರಡೂ ಪಕ್ಕ ಬಿಚ್ಚಿ, ಅರ್ಧ ಬೆರಳು ಹಿಗ್ಗಿಸಿ, ಚೊಕ್ಕವಾಗಿ ಹೊಲಿದಳು.

ಅವತ್ತು ಸಂಜೆ ಕೊಕ್ಕೆ ಸಲೀಸಾಗಿ ಕೂತಿತು. "ನೋಡ್ದ್ಯಾ," ಅಂದಳು ದೊಡ್ಡವಳು, ಎಷ್ಟೋ ದಿನಕ್ಕೆ ಮುಖ ಅರಳಿಸಿ. "ಊತ ಇಳೀತಿದೆ ಅಮ್ಮ. ಉಸಿರಾಡೋಕಾಗ್ತಿದೆ."

"ಇಳಿಯುತ್ತೆ, ಇಳಿಯುತ್ತೆ," ಅಂದಳು ಅಮ್ಮ.

ಅಂದು ದೊಡ್ಡವಳು ಊಟಕ್ಕೆ ಹಾಲಿಗೆ ಬಂದಳು. ಎರಡು ಮೊಟ್ಟೆಯ ಬಿಳಿ ತಿಂದಳು, ತಮ್ಮನ ತಟ್ಟೆಯಿಂದ ಆಲೂಗಡ್ಡೆಯನ್ನೂ ಕದ್ದಳು. ಮುಂದಿನ ಸಲ ಒಗೆದಾಗ ಅಮ್ಮ ಉಳಿದ ಅರ್ಧ ಬೆರಳನ್ನೂ ಹಿಗ್ಗಿಸಿದಳು.

ವಾರ ಕಳೆಯುವುದರೊಳಗೆ ಎಡಪಕ್ಕೆಯ ಕೆಳಗೆ ಒಂದು ಗಡ್ಡೆ ಎದ್ದಿತು. ಒತ್ತಿದರೆ ಒಳಗೆ ನೀರು ತುಳುಕುತ್ತಿತ್ತು. ದೊಡ್ಡವಳು ಅಮ್ಮನ ಕೈ ಹಿಡಿದು ಅದರ ಮೇಲಿಟ್ಟಳು. "ಇಲ್ನೋಡು. ಬಿಸಿನೀರಿನ ಚೀಲದ ಥರ." ಅಮ್ಮ ಸರಕ್ಕನೆ ಕೈ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ದಪ್ಪ ಸಿರಿಂಜಿನಲ್ಲಿ ನೀರೆಳೆದರು. ಒಂದಲ್ಲ, ಎರಡಲ್ಲ, ನರ್ಸಿನ ಕೈಯ ಬಟ್ಟಲು ತುಂಬುವಷ್ಟು. ಇನ್ನೂ ತುಂಬಬಹುದು, ಎರಡು ಮೂರು ದಿನಕ್ಕೊಮ್ಮೆ ಬಂದು ತೆಗೆಸಿಕೊಳ್ಳಬೇಕು ಅಂದರು. ಬೆಲ್ಟನ್ನು ತಿರುಗಿ ಹಾಕುವಾಗ ನರ್ಸಿನ ಬೆರಳು ಪಕ್ಕದ ಹೊಲಿಗೆಯ ಮೇಲೆ ನಿಂತಿತು.

"ಇದನ್ನ ಯಾರು ಬಿಚ್ಚಿದ್ದು?"

"ಏನು?"

"ಸಡಿಲ ಮಾಡಿದ್ದಾರಲ್ಲ. ಒತ್ತಡ ಇಲ್ದಿದ್ರೆ ಚರ್ಮ ಒಳಗಿನ ಮಾಂಸಕ್ಕೆ ಅಂಟ್ಕೊಳ್ಳೋದು ಹೇಗೆ? ನೀರು ತುಂಬದೆ ಇನ್ನೇನಾಗುತ್ತೆ?" ನರ್ಸ್ ಇಬ್ಬರನ್ನೂ ನೋಡಿದಳು. "ಯಾರು ಬಿಚ್ಚಿದ್ರೋ ಅವ್ರ ಕೈಲೇ ಮೊದಲಿನ ಹಾಗೆ ಹೊಲಿಸ್ಕೊಂಡು ಬನ್ನಿ."

ದೊಡ್ಡವಳು ತಲೆ ಬಗ್ಗಿಸಿ ಹೊಲಿಗೆ ನೋಡಿದಳು. ಹಿಂದೆ ಮುಂದೆ ಮೂರು ಗಂಟು ಕೊಟ್ಟು, ದಾರ ಮೋಟಾಗಿ ಕತ್ತರಿಸುವ ಕೈ ಆ ಊರಲ್ಲಿ ಒಂದೇ. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಳು.

"ನೋವಾಗ್ತಿದ್ಯೇನೇ?" ಅಂದಳು ಅಮ್ಮ.

ದೊಡ್ಡವಳು ಹಣೆಯನ್ನು ಕಿಟಕಿಯಿಂದ ತೆಗೆಯಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಶುರುವಾಯಿತು.

"ಕೇಳೋಕೇನಾಗಿತ್ತು ನಿಂಗೆ? ಬಾಯಿರಲಿಲ್ವಾ?"

"ನೀನು ಅಳ್ತಿದ್ದೆ."

"ಅಳ್ತೀನಿ! ಅತ್ರೆ ಸಾಯ್ತೀನಾ?"

"ನೋಡೋಕಾಗ್ಲಿಲ್ಲ ಕಣೇ. ಬಟ್ಟೆ ಬಿಗಿಯಾದ್ರೆ ಬಟ್ಟೆ ಬಿಚ್ಬೇಕು. ಮೈ ಕೊಯ್ಸ್ಕೊಳ್ಳೋದು ಯಾವ ಊರ ನ್ಯಾಯ?"

ದೊಡ್ಡವಳು ಅಮ್ಮನನ್ನು ಹೊಸದಾಗಿ ನೋಡುವಂತೆ ನೋಡಿದಳು. "ಕೋಟು," ಅಂದಳು.

"ಯಾವ ಕೋಟು?"

"ಹೋಟೆಲಿನ ಹಳೇ ಕೋಟು. ಹನ್ನೊಂದು ವರ್ಷ ಒಂದೇ ಅಳತೇದು ಹಿಡಿಸ್ತಿತ್ತು ನಂಗೆ. ನಾನು ಹಾಗೇ ಇದೀನಿ ಅಂದ್ಕೊಂಡಿದ್ದೆ. ವಾರ ವಾರ ನೀನೇ ಒಗೀತಿದ್ದೆ. ಅದನ್ನೂ ಹಿಗ್ಗಿಸ್ತಾ ಬಂದ್ಯಾ?"

ಅಮ್ಮ ಮಿಷನ್ನಿನ ಮೇಲಿನ ಚೂರು ದಾರಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಬಾಯಿ ಬಿಡಮ್ಮ!"

"ವರ್ಷಕ್ಕೆ ಒಂಚೂರು. ಹೆಚ್ಚೇನಿಲ್ಲ. ನಿಂತು ನಿಂತು ಬಂದಿರ್ತಿದ್ದೆ, ಗುಂಡಿ ಒತ್ತಬಾರ್ದು ಅಂತ. ಕೊನೇ ವರ್ಷ ಅಂಚೇ ಉಳೀಲಿಲ್ಲ."

"ಅವ್ನು ಎಲ್ರ ಮುಂದೆ ಹೇಳೋವರೆಗೂ ನನ್ ಮೈ ನಂಗೇ ಗೊತ್ತಿರಲಿಲ್ಲ. ನಿಂಗೆ ಗೊತ್ತಿತ್ತು. ಬೆರಳು ಬೆರಳಿನ ಲೆಕ್ಕ ಗೊತ್ತಿತ್ತು!" ದೊಡ್ಡವಳ ದನಿ ಸೀಳಿತು. "ಬಿಗಿ ಆಗ್ತಿದೆ ಅಂತ ತಿಳಿಯೋಕಾದ್ರೂ ಬಿಡ್ಬಾರ್ದಿತ್ತಾ ನನ್ನ?"

ಅಪ್ಪ ಬನಿಯನ್ನಿನಲ್ಲೇ ಎದ್ದು ಬಂದ. "ಏನ್ ಗಲಾಟೆ? ನಿದ್ದೆ ಮಾಡೋ ಮನುಷ್ಯ ಒಬ್ಬ ಇದ್ದಾನೆ ಈ ಮನೇಲಿ."

"ಮಲಗು ಹೋಗಪ್ಪ. ನೀನು ಯಾವತ್ತು ಎದ್ದಿದ್ದೆ?"

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಅಮ್ಮ ತಟ್ಟೆ ಇಟ್ಟು ಹೋಗುತ್ತಿದ್ದಳು, ದೊಡ್ಡವಳು ಅಮ್ಮ ಆಚೆ ಹೋದ ಮೇಲೆ ತಿನ್ನುತ್ತಿದ್ದಳು. ನಡುವೆ ತಮ್ಮ ಅಂಚೆಯವನಾದ. "ಉಪ್ಪು ಬೇಕಾ ಅಂತೆ." "ಬೇಡ ಅಂತೆ." ಎರಡು ದಿನ ಸಹಿಸಿ, ಮೂರನೇ ದಿನ ಅವನೂ ಹಾರಾಡಿದ. "ಇಬ್ರೂ ಒಬ್ರಿಗೊಬ್ರು ಬೈಕೊಳ್ತಿದ್ದೀರ. ಆ ಮ್ಯಾನೇಜರ್ ನನ್ಮಗ ಎಸಿ ರೂಮಲ್ಲಿ ಕೂತಿದ್ದಾನೆ. ಅವ್ನನ್ನ ಯಾರೂ ಬಯ್ಯಲ್ವಲ್ಲ? ಹೋಗಿ ನಾಲ್ಕು ಬಿಟ್ಟು ಬರ್ತೀನಿ ನಾನು."

"ಹೋಗು," ಅಂದಳು ದೊಡ್ಡವಳು. "ಆಮೇಲೆ ಫೋನ್ ರೂಮೂ ಇರಲ್ಲ."

ಅವನು ಹೋಗಲಿಲ್ಲ. ಬೀರು ಹತ್ತಿದ ಬ್ರೆಡ್ಡನ್ನು ಇಳಿಸಿ, ಒಣಗಿ ಕಟ್ಟಿಗೆಯಾದದ್ದನ್ನು ಕಿಟಕಿಯಿಂದ ಒಂದೊಂದಾಗಿ ಎಸೆದ. ಹಕ್ಕಿಗಳಿಗೆ ಅಂತ ಅಪ್ಪನಿಗೆ ಹೇಳಿದ.

ಬೆಲ್ಟನ್ನು ಹೊಲಿಸಬೇಕಿತ್ತು. ದೊಡ್ಡವಳು ಅದನ್ನು ಅಮ್ಮನ ಕೈಗೆ ಕೊಡಲಿಲ್ಲ. ತಮ್ಮನ ಕೈಲಿ ಪಕ್ಕದ ಬೀದಿಯ ಟೈಲರಿಗೆ ಕಳಿಸಿದಳು. ಮೂವತ್ತು ವರ್ಷದಿಂದ ಅಮ್ಮನ ಗಿರಾಕಿ ಕಿತ್ತುಕೊಳ್ಳಲು ನೋಡುತ್ತಿದ್ದ ಮನುಷ್ಯ ಅವನು. ಅವನ ಅಂಗಡಿಗೆ ಈ ಮನೆಯ ಬಟ್ಟೆ ಹೋದದ್ದು ಅದೇ ಮೊದಲು.

ಅಮ್ಮ ಮಾರನೇ ದಿನ ತರಕಾರಿ ತರಲು ಹೋದವಳು ಬರಿಯ ಚೀಲದೊಂದಿಗೆ ವಾಪಸ್ ಬಂದಳು. ಅಡುಗೆಮನೆಯಲ್ಲಿ ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಅಂಗಡಿ ಮುಂದೆ ನಿಂತು ನಕ್ಕ. ಏನಕ್ಕಾ, ಮಿಷನ್ನು ಮಾರಿಬಿಟ್ರಾ ಅಂದ."

"ನೀನೇನಂದೆ?"

"ಏನನ್ಲಿ? ನಕ್ಕೆ."

ಟೈಲರಿನ ಹೊಲಿಗೆ ಒಂದು ಊಟದಷ್ಟೂ ಬಾಳಲಿಲ್ಲ. ದೊಡ್ಡವಳು ಕುರ್ಚಿಯಲ್ಲಿ ಕೂತು ನೀರಿನ ಲೋಟಕ್ಕೆ ಕೈ ಚಾಚಿದಳು. ಪಟಪಟ ಅಂತ ಸದ್ದಾಗಿ, ಪಕ್ಕೆಯಿಂದ ತೊಡೆಯವರೆಗೆ ದಾರ ಹರಿಯಿತು. ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಅಂದಳು: "ಪಟಾಕಿ ಹೊಡೆದ್ರು. ಈಗಾದ್ರೂ ಮಾತಾಡ್ತೀರಾ, ಇಲ್ಲ ಬ್ಯಾಂಡ್ ಸೆಟ್ಟೂ ಬೇಕಾ?"

ದೊಡ್ಡವಳು ನಗಲಿಲ್ಲ. ಅದೇ ದಿನ ಮಧ್ಯಾಹ್ನ ಹೋಟೆಲಿನಿಂದ ಫೋನ್ ಬಂದಿತ್ತು. ಇನ್ನೆರಡು ವಾರ ರಜೆ ಬೇಕು ಅಂದಿದ್ದಳು. ಮ್ಯಾನೇಜರ್ ಬಹಳ ಮರ್ಯಾದೆಯಿಂದ, ನೀವು ಎಷ್ಟು ಬೇಕಾದ್ರೂ ರೆಸ್ಟ್ ತಗೊಳ್ಳಿ ಮೇಡಂ, ಸೋಮವಾರ ಬರದಿದ್ದರೆ ಆ ಹುಡುಗಿಯನ್ನೇ ಖಾಯಂ ಮಾಡ್ತೀವಿ ಅಷ್ಟೆ, ಅಂದಿದ್ದ. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ.

ತಟ್ಟೆಗಳನ್ನು ತೊಳೆದಿಟ್ಟ ಮೇಲೆ ದೊಡ್ಡವಳು ಅಮ್ಮನ ಮಿಷನ್ನಿನ ಪಕ್ಕ ಬಂದು, ಎರಡೂ ಕೈ ಮೇಲೆತ್ತಿ ನಿಂತಳು. ಅಳತೆ ಕೊಡಲು ಬಂದ ಗಿರಾಕಿಯ ಹಾಗೆ.

ಅಮ್ಮ ಎದ್ದಳು. ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಸುತ್ತು ಬಂದು, ಎಲಾಸ್ಟಿಕ್ಕನ್ನು ಎಳೆದೆಳೆದು ಚುಚ್ಚತೊಡಗಿದಳು. ಪಿನ್ನು ಕಚ್ಚಿದ ಬಾಯಿ ಮಾತಾಡುವಂತಿಲ್ಲ. ಮಾತೆಲ್ಲ ಮಗಳದೇ ಆಯಿತು.

"ಇನ್ನೂ ಬಿಗಿ ಮಾಡು."

ಅಮ್ಮ ಎಳೆದಳು.

"ಇನ್ನೂ. ಮೊದ್ಲಿದ್ದಷ್ಟು."

ಅಮ್ಮನ ಕೈ ತಡೆಯಿತು.

"ನಾನು ಅತ್ರೂ ಬಿಡ್ಬೇಡ. ಆಣೆ ಹಾಕು."

ಅಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು. "ಆಣೆಗೀಣೆ ನನ್ ಕೈಲಾಗಲ್ಲ. ಹೊಲೀತೀನಿ, ಅಷ್ಟೆ." ಆಮೇಲೆ ಅಂದಳು: "ಆ ಟೈಲರ್ ನೇರ ಹೊಲಿಗೆ ಹಾಕಿದ್ದ. ಹಿಗ್ಗೋ ಬಟ್ಟೆಗೆ ಯಾರಾದ್ರೂ ನೇರ ಹೊಲಿಗೆ ಹಾಕ್ತಾರಾ?"

"ಬೈಯೋದಾದ್ರೆ ನನ್ನ ಬಯ್ಯಿ."

"ನಿನ್ನ ಬೈದು ಬೈದು ನಂಗೂ ಸುಸ್ತಾಗಿದೆ."

ಸೋಮವಾರ ಬೆಳಿಗ್ಗೆ ಇಡೀ ಮನೆ ಅವಳನ್ನು ಹೊರಡಿಸಿತು. ಬೆಲ್ಟಿಗೆ ಇಬ್ಬರು, ಷೂಗೆ ಅಪ್ಪ. ಮಗಳು ಬಗ್ಗುವಂತಿರಲಿಲ್ಲ, ಪಾಳಿಯಿಂದ ಆಗತಾನೇ ಬಂದ ಅಪ್ಪ, ತೋಳಿನ ಮೇಲಿನ ಹಿಟ್ಟನ್ನೂ ಒರೆಸದೆ, ಮಂಡಿಯೂರಿ ಲೇಸು ಕಟ್ಟಿದ. "ಗಟ್ಟಿಯಾಯ್ತಾ?" ಅಂದ. "ಎಲ್ಲಾ ಗಟ್ಟಿ ಅಪ್ಪ," ಅಂದಳು. ತಮ್ಮ ಬೈಕು ತರಲಿಲ್ಲ, ಕುಲುಕುತ್ತದೆ ಅಂತ ಆಟೋ ಕರೆತಂದ.

ಸಂಜೆ ಅವಳು ಬಂದಾಗ ಮೆಟ್ಟಿಲ ಪ್ರತಿ ತಿರುವಿನಲ್ಲೂ ನಿಂತ ಸದ್ದು ಮೇಲಕ್ಕೆ ಕೇಳಿತು. ಒಳಗೆ ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಪಾದಗಳು ಷೂವಿನ ಮೇಲಕ್ಕೆ ಉಕ್ಕಿದ್ದವು. ಅಮ್ಮ ಅವಳ ತೊಡೆಯ ಮೇಲೇ ತಟ್ಟೆ ಇಟ್ಟಳು, ಬಿಸಿ ಅನ್ನ, ಬೇಯಿಸಿದ ತರಕಾರಿ.

"ಕೋಟು ಹಿಡಿಸ್ತಾ?" ಅಂದ ತಮ್ಮ.

"ಹಿಡಿಸ್ತು."

"ಅವ್ನೇನಂದ?"

"ತುಂಬಾ ಚೆನ್ನಾಗಿ ಕಾಣ್ತೀರ ಅಂದ. ಕೌಂಟರ್ ನಿಮ್ದೇ ಅಂದ."

ತಮ್ಮ ತೊಡೆ ತಟ್ಟಿದ. "ಮತ್ತೆ! ಗೆದ್ದೆ ಬಿಡು. ಯಾಕೆ ಹಾಗೆ ಮುಖ ಮಾಡಿದೀಯ?"

"ಮಧ್ಯಾಹ್ನದವರೆಗೂ ನಿಂತೆ. ಆಮೇಲೆ ಒಬ್ರು ಬೀಗದ ಕೈ ಬೀಳಿಸಿದ್ರು. ಬಗ್ಗೋಕಾಗ್ಲಿಲ್ಲ. ಅದನ್ನ ನೋಡ್ತಾ ನಿಂತಿದ್ದೆ, ಕಣ್ಣು ಕಪ್ಪಾಯ್ತು. ಹೊಸ ಹುಡುಗಿ ಹಿಡ್ಕೊಂಡ್ಲು." ದೊಡ್ಡವಳು ಒಂದು ತುತ್ತು ಕಲಸಿದಳು, ಬಾಯಿಗಿಡಲಿಲ್ಲ. "ನಾನೇ ಹೋಗಿ ಹೇಳ್ದೆ. ಫೋನ್ ರೂಮಿಗೇ ಹಾಕಿ ಅಂತ. ಅಲ್ಲಿ ಕುರ್ಚಿ ಇದೆ."

ಎಲ್ಲರೂ ಒಟ್ಟಿಗೇ ಮಾತಾಡಿದರು.

"ಒಂದ್ ತಿಂಗಳಿಗಾ?"

"ಖಾಯಂ. ನೀವೇ ಕೇಳ್ತಿದೀರ ಮೇಡಂ, ನಾಳೆ ನಾವು ಕಳಿಸಿದ್ವಿ ಅನ್ಬಾರ್ದು ಅಂತ ಎರಡು ಸಲ ಹೇಳಿಸ್ದ."

"ಇಷ್ಟೆಲ್ಲಾ ಆದ್ಮೇಲಾ ಅಕ್ಕಾ?" ತಮ್ಮ ಎದ್ದೇ ನಿಂತ. "ಮೈ ತೂತು ಮಾಡ್ಸ್ಕೊಂಡು, ಬಟ್ಟಲುಗಟ್ಲೆ ನೀರು ತೆಗೆಸ್ಕೊಂಡು, ಇಡೀ ಮನೆ ನಿನ್ನ ಸುತ್ತ ಗಾಣದ ಎತ್ತಿನ ಥರ ತಿರುಗಿ..."

"ಕೂತ್ಕೊಳೋ," ಅಂದ ಅಪ್ಪ. "ಅವ್ಳಿಗೆ ಆಗ್ಲಿಲ್ಲ, ಬಂದ್ಲು."

"ಆಗ್ಲಿಲ್ಲ ಯಾಕೆ? ನೀರು ತುಂಬ್ದೇ ಇದ್ದಿದ್ರೆ ಆಗ್ತಿತ್ತು. ಯಾರು ಬಿಚ್ಚಿದ್ದು?"

"ನಾನೇ ಬಿಚ್ಚಿದ್ದು," ಅಂದಳು ಅಮ್ಮ. "ಇನ್ನೂ ಎಷ್ಟು ಸಲ ಹೇಳ್ಬೇಕು ನಿಂಗೆ? ಬೀದಿಗೆ ಬೋರ್ಡ್ ಹಾಕ್ಲಾ?"

"ಬಿಚ್ಚಿದ್ದಕ್ಕಲ್ಲ," ಅಂದ ಅಪ್ಪ, "ಮೊದಲು ಕೊಯ್ಸಿದ್ದಕ್ಕೆ."

"ಅದನ್ನ ಆಗ್ಲೇ ಹೇಳ್ಬೇಕಿತ್ತು ನೀವು," ಅಂದಳು ಅಮ್ಮ. "ಗೊರಕೆ ಹೊಡೀತಾ ಇರ್ಲಿಲ್ವಾ?"

"ಕೇಳ್ರೋ," ಅಂದಳು ಅಜ್ಜಿ ಕೋಣೆಯಿಂದ. "ಯಾರಾದ್ರೂ ಆ ಹುಡುಗೀನ ಕೇಳ್ರೋ. ಏನೇ, ಕೌಂಟರ್ ರಾಣಿ? ಫೋನಲ್ಲಾದ್ರೂ ಕೊಬ್ಬಿಲ್ಲದ ಮಾತಾಡ್ತೀಯಾ?"

ದೊಡ್ಡವಳು ತಿರುಗಿ ಏನೂ ಅನ್ನಲಿಲ್ಲ. ಅಜ್ಜಿಗೆ ಅವಳು ಉತ್ತರ ಕೊಡದ ದಿನವಿರಲಿಲ್ಲ. ಎಲ್ಲರೂ ಅವಳ ಕಡೆ ನೋಡಿದರು.

ಅವಳು ನಿದ್ದೆ ಹೋಗಿದ್ದಳು. ತಲೆ ವಾಲಿರಲಿಲ್ಲ, ಭುಜ ಕುಸಿದಿರಲಿಲ್ಲ. ಬೆಲ್ಟು ಅವಳನ್ನು ನೆಟ್ಟಗೆ ಹಿಡಿದು ಕೂರಿಸಿತ್ತು. ಕಣ್ಣು ಮಾತ್ರ ಮುಚ್ಚಿ, ಬೆರಳುಗಳ ನಡುವೆ ಕಲಸಿದ ತುತ್ತು ಹಾಗೇ ಇತ್ತು.

ತಮ್ಮ ಸದ್ದಾಗದಂತೆ ನೆಲಕ್ಕೆ ಕೂತ. ಅಮ್ಮ ಹತ್ತಿರ ಹೋಗಿ ತಟ್ಟೆ ಎತ್ತಿಟ್ಟಳು, ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕುಪ್ಪಸದ ಕೆಳಗೆ ಮೊದಲನೆಯ ಕೊಕ್ಕೆ ಕಾಣುತ್ತಿತ್ತು, ಅದರ ಸುತ್ತ ಮಾಂಸ ಕೆಂಪಾಗಿ ಉಬ್ಬಿತ್ತು. ಅಮ್ಮನ ಕೈ ಅಲ್ಲಿಯವರೆಗೆ ಹೋಯಿತು. ಕೊಕ್ಕೆಯನ್ನು ಮುಟ್ಟಿತು.

ಆಮೇಲೆ ಆ ಕೈಯನ್ನು ತನ್ನ ಮಡಿಲಿಗೆ ತಂದುಕೊಂಡು, ಇನ್ನೊಂದು ಕೈಯಿಂದ ಹಿಡಿದು, ಮಗಳ ಕಾಲ ಬಳಿ ಕೂತಳು.